ತೋಳು ತುಂಬ ಮೊಟ್ಟೆ ಹೊತ್ತವಳು

ಸಮುದ್ರವೇ ಇಲ್ಲದ ಊರಿನವಳು ಸಮುದ್ರದ ತಳದ ಪ್ರಾಣಿಯ ಮೇಲೆ ಪುಸ್ತಕ ಬರೆಯುತ್ತಾಳಂತೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ. ಚಂದ್ರನ ಬಗ್ಗೆ ಪಾಠ ಮಾಡುವ ಭೌತಶಾಸ್ತ್ರದ ಮೇಷ್ಟ್ರು ಅಲ್ಲಿಗೆ ಹೋಗಿ ಕಾಫಿ ಕುಡಿದು ಬಂದಿದ್ದಾರಾ? ಚನ್ನಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನಾನು ಕಡಲು ಕಂಡಿರುವುದು ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಮಾತ್ರ. ಆಗಲೂ ಒಬ್ಬರೂ ಅಲೆಗೆ ಸಿಕ್ಕದಿರಲಿ ಎಂದು ಶಿಳ್ಳೆ ಊದುತ್ತ ದಡದಲ್ಲೇ ನಿಂತಿದ್ದೆ. ಆದರೂ ಸ್ಕ್ವಿಡ್ ಎಂದರೆ ನನಗೆ ಹುಚ್ಚು. ಕರಾವಳಿಯವರು ಬೊಂಡಾಸ್ ಎಂದು ಹುರಿದು ತಿನ್ನುತ್ತಾರಲ್ಲ, ಅದರ ನೆಂಟರೇ. ಬಿಸಿಲು ಇಳಿಯದಷ್ಟು ಆಳದಲ್ಲಿ ಇರುವವರು.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಫಾರ್ಮಲಿನ್ ಬಾಟಲಿಯೊಳಗೆ ಒಂದು ಬಡಪಾಯಿ ಸ್ಕ್ವಿಡ್ ಕೂತಿದೆ. ಬಣ್ಣ ಹೋಗಿ ಸೀದ ಹಾಲಿನ ಕೆನೆಯ ಹಾಗಾಗಿದೆ. ಅದನ್ನೇ ಮುಂದಿಟ್ಟುಕೊಂಡು ಪ್ರತಿ ವರ್ಷ ಹೇಳುತ್ತೇನೆ: ಇದಕ್ಕೆ ಹೃದಯ ಮೂರು, ರಕ್ತ ನೀಲಿ, ಎಂಟು ತೋಳು, ಬೇಟೆಗೆ ಇನ್ನೆರಡು ಉದ್ದನೆಯ ಹಿಡಿತೋಳು. ಮಿದುಳು ಉದ್ದಿನ ವಡೆಯ ಹಾಗೆ ನಡುವೆ ತೂತು, ಅನ್ನನಾಳ ಆ ತೂತಿನೊಳಗಿಂದಲೇ ಹೋಗುತ್ತದೆ. ದೊಡ್ಡ ತುತ್ತು ನುಂಗಿದರೆ ಮಿದುಳಿಗೇ ಪೆಟ್ಟು. ಅದಕ್ಕೇ ಅದು ಗಿಣಿಯ ಕೊಕ್ಕಿನಂಥ ಬಾಯಿಯಲ್ಲಿ ಚೂರು ಚೂರು ಮಾಡಿ ತಿನ್ನುತ್ತದೆ. ಹುಡುಗಿಯರು ‘ಅಯ್ಯೋ ಮೇಡಂ’ ಎಂದು ಮುಖ ಕಿವುಚುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಹೃದಯ ಎರಡು ಎಂದು ಬರೆಯುತ್ತಾರೆ.

ಪುಸ್ತಕ ಇನ್ನೂ ಮುಗಿದಿಲ್ಲ. ತಾಯಿ ಸ್ಕ್ವಿಡ್ಡಿನ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದೆ. ಪ್ರಕಾಶಕರು ಕೇಳಿದಾಗಲೆಲ್ಲ ಕಾಲೇಜಿನ ಕೆಲಸ ಎಂದು ಸುಳ್ಳು ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅಕ್ಕನ ಬಗ್ಗೆ ಹೇಳಬೇಕು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರದ ಹಳ್ಳಿಯೊಂದರಲ್ಲಿ ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಹೋದವಳು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಲಿಲ್ಲ. ಎರಡು ಸಲ ಬಸುರು ನಿಂತಂತೆ ಮಾಡಿ ಇಳಿದುಹೋಗಿತ್ತು. ಎರಡು ಸಲವೂ ಆಟೋದಲ್ಲಿ ಕುಲುಕಾಡಿಕೊಂಡು ಪೇಟೆಗೆ ಹೋಗಿಬಂದ ಮೇಲೇ ಹಾಗಾಗಿದ್ದು, ಆದ್ದರಿಂದ ಅದು ರಸ್ತೆಯ ಗುಂಡಿಗಳದೇ ತಪ್ಪು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಭಾವ ಒಳ್ಳೆಯವರು, ಒಂದು ದಿನ ಒಂದು ಕೊಂಕು ಆಡಿದವರಲ್ಲ. ಅಕ್ಕನೇ ದೊಡ್ಡಮಳೂರಿಗೆ ಹೋಗಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕೊಡುತ್ತೇನೆಂದು ಹರಕೆ ಹೊತ್ತಳು. ಮೂವತ್ತೆಂಟಕ್ಕೆ ಬಸುರಾದಳು. ಮೂರು ತಿಂಗಳು ತುಂಬುವ ತನಕ ನನಗೂ ಹೇಳಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಫೋನು ಮಾಡಿ, ‘ಲೇ, ಈ ಸಲ ನಿಂತೈತೆ ಕಣೇ’ ಎಂದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆಯೇ ಅತ್ತುಬಿಟ್ಟೆ.

ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುವುದು. ಆ ಹೆಂಗಸು ಹುಳ ಸಾಕುವುದರಲ್ಲಿ ಆ ಸೀಮೆಗೇ ಹೆಸರಾದವರು. ಸೊಪ್ಪು ತಿನ್ನುವ ಸದ್ದು ಕೇಳಿಯೇ ಈ ತಟ್ಟೆಯ ಹುಳಕ್ಕೆ ಸೊಪ್ಪು ಹಳಸಲು, ಆ ತಟ್ಟೆಗೆ ರೋಗ ತಗುಲುತ್ತಿದೆ ಎಂದು ಹೇಳುತ್ತಿದ್ದರು. ಮನೆಯ ನಡುಮನೆಯೇ ಹುಳದ ಮನೆ. ಅಡಿಗೆಮನೆಗೂ ಮಲಗುವ ಕೋಣೆಗೂ ಅದನ್ನು ದಾಟಿಯೇ ಹೋಗಬೇಕು. ಹುಳವಿರುವ ದಿನಗಳಲ್ಲಿ ಆ ಮನೆಗೆ ಬೇರೆಯದೇ ಕಾನೂನು. ಬಾಗಿಲಲ್ಲಿ ಕಾಲು ತೊಳೆಯಬೇಕು. ಬೀಡಿ ಸೇದಿದವನು ಬರಕೂಡದು, ಮೆಣಸಿನಕಾಯಿ ಹುರಿಯಕೂಡದು, ಊದುಬತ್ತಿ ಹಚ್ಚಕೂಡದು. ಹೊರಗಿನವರಂತೂ ಹೊಸಿಲ ಆಚೆಯೇ, ಅವರ ಮೈಮೇಲೆ ಯಾವ ಮನೆಯ ರೋಗ ಬಂದಿರುತ್ತದೋ ಯಾರು ಬಲ್ಲರು. ಮೊದಲ ಸಲ ನಾನು ಹೋದಾಗ ಅತ್ತೆ ಮೂಗು ಅರಳಿಸಿ, ‘ಮೇಡಮ್ಮೋರು ಪೌಡ್ರು ಬಳ್ಕಂಡು ಬಂದವ್ರೆ. ತೊಳ್ಕಂಡು ಬಾರವ್ವ ತಾಯಿ, ಮುಖ ಎಲ್ಲಿಗೂ ಓಡೋಗಾಕಿಲ್ಲ’ ಎಂದಿದ್ದರು.

ಬಸುರಾದ ಮೇಲೆ ಅಕ್ಕ ಪ್ರಯಾಣ ಮಾಡಲೊಲ್ಲಳು, ಆದ್ದರಿಂದ ನಾನೇ ಶನಿವಾರ ಕಾಲೇಜು ಬಿಟ್ಟ ಮೇಲೆ ಹೋಗುತ್ತಿದ್ದೆ. ಅವಳು ಕೋಣೆಯ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತಿದ್ದಳು. ನಾನು ಪುಸ್ತಕಕ್ಕೆಂದು ಫೋನಿನಲ್ಲಿ ಸೇರಿಸಿಟ್ಟ ವಿಡಿಯೋಗಳನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು. ಹಡಗಿನಿಂದ ಒಂದು ಯಂತ್ರವನ್ನು ದೀಪ, ಕ್ಯಾಮೆರಾ ಕಟ್ಟಿ ಆಳಕ್ಕೆ ಇಳಿಸುತ್ತಾರೆ. ಮೊದಲು ನೀರು ನೀಲಿ, ಆಮೇಲೆ ಕಡುನೀಲಿ, ಆಮೇಲೆ ಏನೂ ಇಲ್ಲ. ಮೇಲಿನಿಂದ ಸತ್ತ ಜೀವಿಗಳ ಪುಡಿ, ಲೋಳೆ, ಹೇಲು ಎಲ್ಲ ಸೇರಿ ಬಿಳಿ ಚೂರುಗಳಾಗಿ ಇಳಿಯುತ್ತಲೇ ಇರುತ್ತವೆ. ಅದನ್ನೇ ಕೂಡಿಸಿ ಉಂಡೆ ಕಟ್ಟಿ ತಿನ್ನುವ ಒಂದು ಪ್ರಾಣಿ ಇದೆ. ಕಡುಗೆಂಪು ಮೈ, ತೋಳುಗಳ ನಡುವೆ ಕೊಡೆಯ ಬಟ್ಟೆಯಂಥ ಚರ್ಮ. ರಕ್ತಪಿಶಾಚಿ ಸ್ಕ್ವಿಡ್ ಎಂದು ಅದಕ್ಕೆ ಹೆಸರಿಟ್ಟವರಿಗೆ ನಾಚಿಕೆಯಾಗಬೇಕು, ಏಕೆಂದರೆ ಅದು ಸ್ಕ್ವಿಡ್ಡೂ ಅಲ್ಲ, ಯಾರ ರಕ್ತವನ್ನೂ ಕುಡಿಯುವುದಿಲ್ಲ.

ಅಕ್ಕನಿಗೆ ಇಷ್ಟವಾಗಿದ್ದು ಮೆಳ್ಳಗಣ್ಣಿನದು. ಮೈಯೆಲ್ಲ ಕೆಂಪು, ಅದರ ಮೇಲೆ ಬೆಳಕಿನ ಚುಕ್ಕಿಗಳು. ಒಂದು ಕಣ್ಣು ಬುಗುರಿಯಷ್ಟು ಉಬ್ಬಿದೆ, ಇನ್ನೊಂದು ಪುಟ್ಟದು.

‘ಇದ್ಯಾಕೇ ಇಂಗೆ? ಹುಟ್ಟುವಾಗ್ಲೆ ಏಟು ಬಿತ್ತಾ?’ ಎಂದಳು.

‘ದೊಡ್ಡ ಕಣ್ಣು ಮ್ಯಾಲಕ್ಕೆ ನೋಡಾಕೆ. ಮ್ಯಾಲಿಂದ ಒಸಿ ಒಸಿ ಬೆಳಕು ಬತ್ತದಲ್ಲ, ಅದ್ರಲ್ಲಿ ಯಾವುದರದ್ದಾದ್ರೂ ನೆರಳು ಕಾಣ್ತದಾ ಅಂತ. ಚಿಕ್ಕ ಕಣ್ಣು ಕೆಳಗೆ. ಕೆಳಗೆ ಪೂರ್ತಿ ಕತ್ಲು, ಅಲ್ಲಿ ಯಾರಾದ್ರೂ ಮೈ ಮಿಂಚಿಸಿದ್ರೆ ಸಾಕು.’

‘ನಮ್ಮತ್ತೆ ಕಣ್ಣೂ ಇಂಗೇ ಕಣೇ. ಒಂದು ಉಳದ ಮ್ಯಾಲೆ, ಒಂದು ನನ್ನ ಮ್ಯಾಲೆ.’

ನಡುಮನೆಯಿಂದ ಅತ್ತೆಯ ನಗು ಕೇಳಿಸಿತು. ‘ನನ್ನ ಕಿವೀನೂ ಅಂಗೇ ಕಣವ್ವ’ ಎಂದರು. ಆ ದಿನಗಳಲ್ಲಿ ಆ ಮನೆಯಲ್ಲಿ ನಗುವಿತ್ತು, ಅದನ್ನು ಹೇಳದೆ ಹೋದರೆ ಅತ್ತೆಗೆ ಅನ್ಯಾಯ ಮಾಡಿದ ಹಾಗೆ.

ಗಾಜಿನ ಸ್ಕ್ವಿಡ್ ನೋಡಿದೆವು. ಮೈ ಆರಪಾರ ಕಾಣುತ್ತದೆ, ಒಳಗೆ ತೇಲಲೆಂದು ಅಮೋನಿಯ ತುಂಬಿದ ಚೀಲ, ಮುಚ್ಚಿಡಲಾಗದ್ದು ಕಣ್ಣು ಮತ್ತು ಹೊಟ್ಟೆಯೊಳಗಿನ ಒಂದು ಗ್ರಂಥಿ ಮಾತ್ರ. ಕಣ್ಣಿನ ನೆರಳೂ ಕೆಳಗಿನವರಿಗೆ ಕಾಣಬಾರದೆಂದು ಅದು ಕಣ್ಣಿನಡಿಯಲ್ಲಿ ದೀಪ ಹಚ್ಚಿಕೊಳ್ಳುತ್ತದೆ. ಆ ಆಳದಲ್ಲಿ ಬದುಕುವುದೆಂದರೆ ಯಾರ ಕಣ್ಣಿಗೂ ಬೀಳದೆ ಇರುವುದು. ದೊಡ್ಡ ಸ್ಕ್ವಿಡ್ಡನ್ನೂ ತಿನ್ನುವ ತಿಮಿಂಗಿಲ ಮೇಲಿನಿಂದ ಉಸಿರು ಕಟ್ಟಿ ಇಳಿದು ಬರುತ್ತದೆ, ಕತ್ತಲಲ್ಲಿ ಟಕಟಕ ಸದ್ದು ಮಾಡುತ್ತ, ಮರುಸದ್ದು ಬಂದ ಕಡೆಗೆ ಬಾಯಿ ತೆರೆಯುತ್ತದೆ. ಸತ್ತ ತಿಮಿಂಗಿಲದ ಹೊಟ್ಟೆ ಕೊಯ್ದರೆ ರಾಶಿ ರಾಶಿ ಸ್ಕ್ವಿಡ್ಡಿನ ಕೊಕ್ಕುಗಳು ಸಿಗುತ್ತವೆ. ಮಿಕ್ಕಿದ್ದೆಲ್ಲ ಕರಗಿರುತ್ತದೆ, ಕೊಕ್ಕು ಕರಗುವುದಿಲ್ಲ. ಎಷ್ಟೋ ಜಾತಿಯ ಸ್ಕ್ವಿಡ್ ಇವೆ ಎಂದು ಮನುಷ್ಯರಿಗೆ ಮೊದಲು ಗೊತ್ತಾಗಿದ್ದೇ ಆ ಹೊಟ್ಟೆಗಳಿಂದ.

ಆಮೇಲೆ ಉದ್ದನೆಯ ತೋಳಿನದು ಬಂತು. ದೊಡ್ಡ ರೆಕ್ಕೆ, ಅದರ ಕೆಳಗೆ ತೋಳುಗಳು ಸ್ವಲ್ಪ ಅಡ್ಡಕ್ಕೆ ಹೋಗಿ, ಮೊಣಕೈ ಇದ್ದಂತೆ ಮಡಚಿ, ಅಲ್ಲಿಂದ ದಾರದ ಹಾಗೆ ಕೆಳಕ್ಕೆ ಇಳಿದಿವೆ. ಅಷ್ಟುದ್ದ ತೋಳಿನಲ್ಲಿ ಅದು ಏನನ್ನು ಹಿಡಿಯುತ್ತದೆ, ಹೇಗೆ ತಿನ್ನುತ್ತದೆ, ಕಂಡವರಿಲ್ಲ. ಸುಮ್ಮನೆ ನಿಂತಿರುತ್ತದೆ. ಅಕ್ಕ ಫೋನನ್ನು ಮಗುಚಿಟ್ಟಳು. ಅತ್ತೆ ಬಾಗಿಲಿಗೆ ಬಂದು, ‘ಬಸುರಿ ಹೆಂಗ್ಸು ಇಂಥವೆಲ್ಲ ನೋಡಬಾರ್ದು, ಇದನ್ನ ತಕ್ಕಂಡೋಗಿ ನಿನ್ನ ಇಸ್ಕೂಲು ಮಕ್ಕಳಿಗೆ ತೋರ್ಸು’ ಎಂದು ಗದರಿದರು.

ಮುಂದಿನ ಸಲ ಅಕ್ಕನೇ ಕೇಳಿದಳು, ‘ಅಮ್ಮಂದಿರು ಯಾರೂ ಇಲ್ವೇನೇ ಅಲ್ಲಿ?’

ಇದ್ದಳು. ಸಾಮಾನ್ಯವಾಗಿ ಸ್ಕ್ವಿಡ್‌ಗಳು ಮೊಟ್ಟೆ ಇಟ್ಟು ಕೈ ತೊಳೆದುಕೊಳ್ಳುವ ಜಾತಿ. ಆದರೆ ಆಳದಲ್ಲಿ ಒಂದು ಜಾತಿಯ ಹೆಣ್ಣು ಹಾಗೆ ಮಾಡುವುದಿಲ್ಲ. ಸಾವಿರಾರು ಮೊಟ್ಟೆಗಳು ಅಂಟಿರುವ ತೆಳ್ಳನೆಯ ಕಪ್ಪು ಹಾಳೆಯನ್ನು ತೋಳುಗಳ ಕೊಕ್ಕೆಗಳಿಗೆ ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಹೊತ್ತು ತಿರುಗುತ್ತಾಳೆ. ಆಗಾಗ ತೋಳುಗಳನ್ನು ಅಗಲಿಸಿ ಮುದುಡಿ ಮೊಟ್ಟೆಗಳ ನಡುವೆ ನೀರು ಹಾಯಿಸುತ್ತಾಳೆ, ಇಲ್ಲದಿದ್ದರೆ ಅವಕ್ಕೆ ಉಸಿರಿಲ್ಲ. ವಿಡಿಯೋದಲ್ಲಿ ದೀಪ ಬಿದ್ದಾಗ ಅವಳು ಓಡಿಹೋಗಲಿಲ್ಲ. ಓಡಲು ನೋಡಿದಳು, ಆದರೆ ಹೊತ್ತ ಭಾರಕ್ಕೆ ನಿಧಾನವಾಗಿ ಒಂದಷ್ಟು ದೂರ ಸರಿದು ಅಲ್ಲೇ ತಿರುಗಿ ನಿಂತಳು.

‘ಕೈಯೆಲ್ಲ ಮೊಟ್ಟೇಲೇ ತುಂಬೈತಲ್ಲ, ಉಣ್ಣೋದೆಂಗೆ?’ ಎಂದಳು ಅಕ್ಕ.

‘ಉಣ್ಣಲ್ಲ.’

‘ಒಂದು ದಿನಾನೂ?’

‘ಮರಿ ಆಗೋಗಂಟ ಏನೂ ತಿನ್ನಲ್ಲ ಕಣೇ. ಮೈಯಲ್ಲಿರೋ ಕೊಬ್ಬಲ್ಲೇ ಕಾಲ ತಳ್ತಾಳೆ.’

‘ಪಾಪ. ತುತ್ತು ಇಕ್ಕಾಕೆ ಒಬ್ಬ ತಂಗಿನೂ ಇಲ್ವಾ ಅವಳ್ಗೆ’ ಎಂದು ಅಕ್ಕ ನಕ್ಕಳು. ನಕ್ಕಾಗ ಅವಳ ಕೆನ್ನೆ ಎಂದಿಗಿಂತ ದಪ್ಪ ಕಂಡಿತು. ಬಸುರಿ ತುಂಬಿಕೊಂಡಿದ್ದಾಳೆ ಎಂದುಕೊಂಡೆ. ಕಾಲಿನ ಊತ ತೋರಿಸಿ, ಚಪ್ಪಲಿ ಹಿಡಿಸುತ್ತಿಲ್ಲ ಎಂದಳು. ಆಶಾ ಕಾರ್ಯಕರ್ತೆ ಬಂದು ಬಿಪಿ ನೋಡಿದರಾ ಎಂದು ಕೇಳಿದೆ. ಬಂದಿದ್ದರು, ಹುಳ ಇದ್ದುದರಿಂದ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರಂತೆ. ಹಿಂದಿನ ತಿಂಗಳೂ ಅಷ್ಟೇ. ಅಕ್ಕ ಕೋಣೆಯಿಂದಲೇ ‘ಚೆನ್ನಾಗಿವ್ನಿ ಕಣಕ್ಕೋ’ ಎಂದು ಕೂಗಿದ್ದಳಂತೆ. ಅದನ್ನೂ ಅವಳು ನಗುತ್ತಲೇ ಹೇಳಿದಳು. ನನಗೆ ರೇಗಿತು. ಈ ಹುಳದ ಬೆಳೆ ಗೂಡಾಗಿ ಇಳಿದ ತಕ್ಷಣ ಆಸ್ಪತ್ರೆಗೆ ಹೋಗುತ್ತೇನೆಂದು ಅವಳಿಂದ ಆಣೆ ಹಾಕಿಸಿಕೊಂಡು ಬಂದೆ.

ಮತ್ತೆ ಹೋದಾಗ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಹಾಡುಹಗಲು, ಒಳಗೆ ಅಕ್ಕನ ಮುಖ ಕಾಣಬೇಕಾದರೆ ಕಣ್ಣು ಪಳಗಬೇಕು. ಬೆಳಕು ಕಂಡರೆ ತಲೆ ಸಿಡಿಯುತ್ತದೆ ಎಂದಳು. ತಟ್ಟೆಯಲ್ಲಿ ಮುದ್ದೆ ಹಾಕಿದ್ದು ಹಾಕಿದ ಹಾಗೇ ಒಣಗಿತ್ತು. ಊಟ ನೋಡಿದರೆ ಹೊಟ್ಟೆ ತೊಳಸುತ್ತದಂತೆ. ಕೈಬಳೆಗಳು ಚರ್ಮದೊಳಗೆ ಹೂತುಹೋದಂತೆ ಇದ್ದವು. ಕಾಲನ್ನು ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿದ್ದದ್ದು ಮೇಲೇಳಲೇ ಇಲ್ಲ.

ಹೊರಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. ‘ಊಟ ಬಿಟ್ಟು ಎಷ್ಟು ದಿನ ಆಯ್ತು ಅತ್ತೆ? ಯಾಕೆ ಯಾರೂ ಫೋನ್ ಮಾಡ್ಲಿಲ್ಲ?’

ಅತ್ತೆ ಸೊಪ್ಪು ಹರವುತ್ತಿದ್ದವರು ಕೈ ನಿಲ್ಲಿಸಲಿಲ್ಲ. ‘ಗಾಬ್ರಿ ಆಗ್ಬೇಡ ಕಣವ್ವ. ಮೇವು ಬುಟ್ಟವ್ಳೆ, ಅಷ್ಟೇ. ಹಣ್ಣಾಯ್ತಾವ್ಳೆ.’

ಹುಳ ಸಾಕುವವರ ಈ ಮಾತು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಕೊನೆಯ ಸಲ ಪೊರೆ ಕಳಚಿದ ಮೇಲೆ ರೇಷ್ಮೆ ಹುಳ ಒಂದು ವಾರ ಬಿಡುವಿಲ್ಲದೆ ತಿನ್ನುತ್ತದೆ. ಆಮೇಲೊಂದು ದಿನ ಮೇವು ಮುಟ್ಟುವುದಿಲ್ಲ. ಮೈ ತುಂಬಿ ನುಣ್ಣಗೆ ಮಿರುಗುತ್ತದೆ. ಅದೇ ಹಣ್ಣು ಹುಳ. ಮನೆಯವರಿಗೆ ಅದಕ್ಕಿಂತ ಸಂತೋಷದ ಗಳಿಗೆ ಇಲ್ಲ. ಆಗ ಅದನ್ನು ಹುಷಾರಾಗಿ ಎತ್ತಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟು, ಬೆಳಕು ತಗ್ಗಿಸಿ, ಕದಲಿಸದೆ ಬಿಟ್ಟುಬಿಡಬೇಕು. ಅದು ಗೂಡು ಕಟ್ಟುತ್ತದೆ. ಅತ್ತೆಗೆ ಬುದ್ಧಿ ಬಂದಾಗಿನಿಂದ ಕಂಡ ಶುಭಸೂಚನೆ ಅದೊಂದೇ. ಊಟ ಬಿಟ್ಟ ಸೊಸೆಯಲ್ಲೂ ಅವರು ಅದನ್ನೇ ಕಂಡರು.

‘ಮುಖ ನೋಡು, ಎಂಗೆ ಮಿರುಗ್ತಾ ಐತೆ. ಕೂಸು ಒಳಗೆ ತುಂಬ್ಕತಾ ಐತೆ. ಇಂಥ ಒತ್ನಲ್ಲಿ ಬೆಳಕು ತೋರಿಸಬಾರ್ದು, ಅಲುಗಾಡಿಸಬಾರ್ದು.’

‘ಏಳು ತಿಂಗಳಿಗೆ ಏನ್ ಹಣ್ಣಾಗ್ತದೆ ಅತ್ತೆ?’

‘ಬಿಸಿಲು ಜೋರಾದ್ರೆ ಉಳ ಬ್ಯಾಗ ಹಣ್ಣಾಗಾಕಿಲ್ವಾ?’

ಅವರು ಹಟಕ್ಕೆ ಹೇಳುತ್ತಿರಲಿಲ್ಲ, ಅಸಡ್ಡೆಯಿಂದಲೂ ಅಲ್ಲ. ಪ್ರೀತಿಯಿಂದ, ಪೂರಾ ನಂಬಿಕೆಯಿಂದ ಹೇಳುತ್ತಿದ್ದರು. ಆ ಮನೆಗಳವರು ನೋಡುವುದು ಗೂಡಿನ ತನಕ ಮಾತ್ರ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಬಿಸಿನೀರಿಗೆ. ಗೂಡು ತೂತು ಮಾಡಿಕೊಂಡು ಹೊರಬರುವ ಹೆಣ್ಣು ಚಿಟ್ಟೆಗೆ ತಿನ್ನಲು ಬಾಯಿಯೇ ಇಲ್ಲ, ಮೊಟ್ಟೆ ಇಟ್ಟು ಅಲ್ಲೇ ಬಿದ್ದು ಸಾಯುತ್ತದೆ. ಅದನ್ನು ಅವರ ಮನೆಯಲ್ಲಿ ಯಾರೂ ಕಂಡಿಲ್ಲ. ನಾನು ಕಂಡಿದ್ದೇನೆ, ಲ್ಯಾಬಿನಲ್ಲಿ. ಅಕ್ಕನನ್ನು ಈಗಲೇ ಕರೆದುಕೊಂಡು ಹೊರಡುತ್ತೇನೆ ಎಂದೆ. ಅಕ್ಕನೇ ಒಳಗಿನಿಂದ ಕೂಗಿದಳು, ‘ನಾ ಬರಲ್ಲ ಕಣೇ. ಎರಡನ್ನ ಆ ರೋಡಿನಾಗೇ ಕಳ್ಕಂಡಿವ್ನಿ.’ ಭಾವನ ಮುಖ ನೋಡಿದೆ. ಅವರು ತಾಯಿಯ ಮುಖ ನೋಡಿದರು. ಸೋಮವಾರ ಡಾಕ್ಟರನ್ನೇ ಮನೆಗೆ ಕರೆಸುತ್ತೇನೆ ಎಂದರು. ಇಡೀ ದಾರಿ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಸೋಮವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಆ ತಾಯಿಯ ಅಧ್ಯಾಯವನ್ನೇ ಬರೆಯುತ್ತಿದ್ದೆ. ಕೊನೆಕೊನೆಗೆ ಅವಳಿಗೆ ಏನಾಗುತ್ತದೆ ಎಂಬ ಭಾಗ. ಸ್ನಾಯು ಕರಗುತ್ತ ಬರುತ್ತದೆ. ಗಟ್ಟಿಯಿದ್ದ ಮೈ ನೀರು ತುಂಬಿದ ಲೋಳೆಯಾಗುತ್ತದೆ. ಈಜುವ ಶಕ್ತಿ ಹೋಗುತ್ತದೆ, ಬೇಟೆಗಾರ ಬಂದರೆ ತಪ್ಪಿಸಿಕೊಳ್ಳಲಾರಳು, ಆದರೂ ತೋಳು ಮಾತ್ರ ನೀರು ಹಾಯಿಸುವುದನ್ನು ಬಿಡುವುದಿಲ್ಲ. ಕೊನೆಯ ಮರಿ ಹೋಗುವ ತನಕ ತಾಳಿದರೆ ಸಾಕು, ಅಷ್ಟಕ್ಕೇ ಲೆಕ್ಕ ಹಾಕಿದ ಮೈ ಅದು. ಇಷ್ಟು ಬರೆದಿದ್ದೆ. ಅಕ್ಕನ ಫೋನು ಬಂತು.

ಮಾತು ತೊದಲುತ್ತಿತ್ತು. ‘ಲೇ, ಆ ಮೊಟ್ಟೆ ಹೊತ್ತವಳು ಇದ್ಲಲ್ಲ... ಮುಂದೆ ಏನಾಯ್ತದೆ ಅವಳ್ಗೆ?’

‘ಇನ್ನೂ ಬರೆದಿಲ್ಲ ಕಣೇ’ ಎಂದೆ. ಬರೆದದ್ದು ಕಣ್ಣೆದುರೇ ಇತ್ತು.

‘ಮರಿ ಬದುಕ್ತವೆ ತಾನೆ?’

‘ಹೂಂ. ಬದುಕ್ತವೆ.’

‘ಅಷ್ಟು ಸಾಕು ಬುಡು’ ಎಂದಳು. ಆಮೇಲೆ, ಕಣ್ಣು ಮುಂದೆ ಏನೋ ಮಿಣುಕು ಮಿಣುಕು ಎನ್ನುತ್ತಿದೆ, ಗೋಡೆ ಎರಡೆರಡು ಕಾಣುತ್ತಿದೆ ಎಂದಳು.

ಮಗು ಉಳಿದರೆ ಸಾಕು ಎಂದು ಅವಳು ತೀರ್ಮಾನ ಮಾಡಿಕೊಂಡು ಕೂತಿದ್ದಾಳೆ, ತನ್ನನ್ನು ಲೆಕ್ಕದಿಂದ ಬಿಟ್ಟು. ಡಬ್ಬಿ ಮುಚ್ಚುವುದನ್ನೂ ಮರೆತು ಹೊರಗೋಡಿ ಸ್ಟ್ಯಾಂಡಿನಲ್ಲಿ ಸಿಕ್ಕಿದ ಮೊದಲ ಟ್ಯಾಕ್ಸಿ ಹತ್ತಿದೆ. ಕೆಂಗಲ್ ದಾಟುವಾಗ ಆಂಜನೇಯನಿಗೆ ಕೈ ಮುಗಿಯುವ ಅಭ್ಯಾಸ ನನಗಿಲ್ಲ. ಅವತ್ತು ಮುಗಿದೆ. ದಾರಿಯಲ್ಲಿ ಭಾವನಿಗೆ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ.

ಹೋಗಿ ನೋಡಿದರೆ, ಎತ್ತಲು ಅವರ ಕೈ ಬಿಡುವಿರಲಿಲ್ಲ. ಆ ದಿನವೇ ಹುಳ ಹಣ್ಣಾಗಿತ್ತು. ಇಡೀ ಮನೆ ಬಗ್ಗಿಕೊಂಡು ಹುಳ ಆರಿಸುತ್ತಿತ್ತು. ಡಾಕ್ಟರು ಬರಲಿಲ್ಲವಾ ಎಂದರೆ, ಈ ಗಡಿಬಿಡಿಯಲ್ಲಿ ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ, ನಾಳೆ ಬನ್ನಿ ಎಂದೆವು ಎಂದರು ಭಾವ. ನಾನು ಕಾಲು ತೊಳೆಯದೆ, ಚಪ್ಪಲಿ ಬಿಡದೆ ನಡುಮನೆಗೆ ನುಗ್ಗಿದೆ. ಅತ್ತೆ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

‘ಇವತ್ತೊಂದು ದಿನ ಕದಲಿಸಬ್ಯಾಡ ಕಣವ್ವ, ನಿನ್ನ ಕಾಲಿಗೆ ಬೀಳ್ತೀನಿ. ಅಲುಗಿದ್ರೆ ಕೆಟ್ಟೋಯ್ತದೆ.’

‘ಅವಳು ಹುಳ ಅಲ್ಲ ಅತ್ತೆ!’ ಎಂದು ಕಿರುಚಿದೆ. ‘ಸಾಯ್ತಾ ಇದಾಳೆ. ಕಣ್ಣು ಬಿಟ್ಟು ನೋಡಿ, ಹಣ್ಣಾಗ್ತಿಲ್ಲ, ಸಾಯ್ತಾ ಇದಾಳೆ!’

ಭಾವನ ಬೊಗಸೆಯ ತುಂಬ ಹಣ್ಣು ಹುಳವಿತ್ತು. ಅವರು ಒಂದು ಗಳಿಗೆ ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಕೈಲಿದ್ದುದನ್ನು ಹಾಗೇ ನೆಲಕ್ಕೆ ಸುರಿದು ಒಳಗೆ ಹೋಗಿ ಹೆಂಡತಿಯನ್ನು ಎತ್ತಿಕೊಂಡು ಬಂದರು. ಬಿಸಿಲಿಗೆ ಬಂದಾಗ ಅಕ್ಕನ ಮುಖ ಕಂಡಿತು. ಅದು ಅಕ್ಕನ ಮುಖದ ಹಾಗೆ ಇರಲಿಲ್ಲ. ಎರಡು ಕೈಯಲ್ಲೂ ಹೊಟ್ಟೆಯನ್ನು ತಬ್ಬಿ ಹಿಡಿದಿದ್ದಳು, ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದಳು.

ಮಾಗಡಿಯಲ್ಲಿ ಬಿಪಿ ನೋಡಿದ ನರ್ಸಮ್ಮ ಯಂತ್ರ ಕೆಟ್ಟಿದೆಯೆಂದುಕೊಂಡು ಇನ್ನೊಂದನ್ನು ತಂದರು. ಒಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಹತ್ತಿಸಿ ರಾಮನಗರಕ್ಕೆ ಕಳಿಸಿದರು. ಅರ್ಧ ದಾರಿಯಲ್ಲಿ ಅವಳಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿ, ಕಣ್ಣು ಮೇಲೆ ಸಿಕ್ಕಿ, ಮೈಯೆಲ್ಲ ಸೆಟೆದು ಅದುರಿತು. ಆಗಲೂ ಹೊಟ್ಟೆಯ ಮೇಲಿದ್ದ ಕೈಗಳು ಬಿಡಲಿಲ್ಲ. ನಾನು, ಅವತ್ತಿನ ತನಕ ಒಂದು ದಿನವೂ ದೇವರನ್ನು ಬೇಡದವಳು, ನೆನಪಿಗೆ ಬಂದ ದೇವರನ್ನೆಲ್ಲ ಬೇಡಿದೆ, ಬೈದೆ. ಮಗು ಬೇಡ, ನನ್ನ ಅಕ್ಕ ಬೇಕು ಎಂದೆ. ಜೋರಾಗಿಯೇ ಹೇಳಿದೆನೇನೋ, ಭಾವ ತಲೆ ತಗ್ಗಿಸಿಕೊಂಡರು.

ಬಸುರಿನಲ್ಲಿ ಏರುವ ರಕ್ತದೊತ್ತಡವಂತೆ, ಮೊದಲೇ ನೋಡಿಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲವಂತೆ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ತಕ್ಷಣ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು, ಚರ್ಮದೊಳಗಿನ ನೀಲಿ ನರಗಳೆಲ್ಲ ಕಾಣುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಗಲು, ಒಂದು ರಾತ್ರಿ ಉಸಿರಾಡಿತು. ಬೆಳಿಗ್ಗೆ ನಿಂತಿತು. ಭಾವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮ ಹೊಲಕ್ಕೆ ಕೊಂಡೊಯ್ದರು. ಅಕ್ಕನಿಗೆ ಎಚ್ಚರವಿರಲಿಲ್ಲ.

ಅತ್ತೆ ಆಸ್ಪತ್ರೆಯ ಕಾರಿಡಾರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಹುಳ ಏನಾಯಿತೋ, ಯಾರು ನೋಡಿದರೋ, ಅವರು ಒಂದು ಮಾತೂ ಕೇಳಲಿಲ್ಲ. ನಾನು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಸೆರಗು ಹಿಡಿದು ನಿಲ್ಲಿಸಲು ನೋಡುತ್ತಿದ್ದರು, ನಾನು ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ಸಲ ನಿಂತೆ.

‘ನಂಗೆ ಉಳ ಒಂದೇ ಗೊತ್ತಿದ್ದಿದ್ದು ಕಣವ್ವ’ ಎಂದರು. ‘ಅದ್ರಾಗೆ ನಾ ಒಂದ್ಸಲಾನೂ ತಪ್ಪಿಲ್ಲ.’

ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳು. ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಅಕ್ಕನಿಗೆ ಪೂರಾ ಎಚ್ಚರವಾದದ್ದು ಮಗು ಹೋದ ಮರುದಿನ ಹತ್ತೂವರೆಯ ಹೊತ್ತಿಗೆ. ಬಿಪಿ ಇನ್ನೂ ಹಿಡಿತಕ್ಕೆ ಬಂದಿಲ್ಲ, ಮಗುವಿನ ಸುದ್ದಿ ಈಗಲೇ ಹೇಳಬೇಡಿ, ನಾನು ಸಮಯ ನೋಡಿ ಹೇಳುತ್ತೇನೆ ಎಂದು ಡಾಕ್ಟರಮ್ಮ ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಮೆತ್ತಗಿನ ಅನ್ನ ಕೊಡಬಹುದು ಎಂದಿದ್ದರು. ನಾನು ಒಬ್ಬಳೇ ಒಳಗೆ ಹೋದೆ. ಅಕ್ಕನ ಕಣ್ಣಿನ ಊತ ಇಳಿದು ಅವಳ ಮುಖ ಅವಳಿಗೆ ವಾಪಸು ಬಂದಿತ್ತು. ಬದುಕಿದ್ದಾಳೆ ಎಂದು ಅದನ್ನೇ ನೋಡುತ್ತ ನಿಂತೆ. ನಿಲುವಂಗಿಯ ಎದೆಯ ಭಾಗ ಎರಡೂ ಕಡೆ ಒದ್ದೆಯಾಗಿತ್ತು.

‘ನೋಡಿದ್ಯಾ?’ ಎಂದಳು, ಎದೆ ತೋರಿಸಿ, ನಾಚಿಕೊಂಡು. ‘ಬಂದೈತೆ.’

‘ಹೂಂ’ ಎಂದೆ.

‘ಹೆಣ್ಣಂತೆ, ನರ್ಸಮ್ಮ ಯೋಳಿದ್ರು. ಗಾಜಿನ ಪೆಟ್ಟಿಗೇಲಿ ಮಡಗವ್ರಂತೆ. ಆಮ್ಯಾಲೆ ತೋರಿಸ್ತಾರಂತೆ.’ ತುಟಿ ಸವರಿಕೊಂಡು, ‘ಲೇ, ಹೊಟ್ಟೆ ಹಸೀತೈತೆ ಕಣೇ. ತಿಂಗಳಾಯ್ತೇನೋ ಇಂಗೆ ಹಸಿವಾಗಿ’ ಎಂದಳು.

ಅತ್ತೆ ಅನ್ನವನ್ನು ನುಣ್ಣಗೆ ಹಿಸುಕಿ ತಿಳಿಸಾರು ಕಲಸಿ ಡಬ್ಬಿಯಲ್ಲಿ ಕೊಟ್ಟಿದ್ದರು. ಅಕ್ಕನ ಕೈಗೆ ಸೂಜಿ ಚುಚ್ಚಿತ್ತು, ಅದಕ್ಕೆ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ಗಬಗಬ ತಿಂದಳು. ಸಾರು ಗಲ್ಲಕ್ಕೆ ಇಳಿಯಿತು, ಒರೆಸಲೂ ಬಿಡದೆ ಮತ್ತೆ ಬಾಯಿ ತೆರೆದಳು. ಡಬ್ಬಿಯ ತಳ ಕಂಡಿತು. ಸಾಕಲ್ಲವೇನೇ, ಒಂದೇ ಸಲಕ್ಕೆ ಇಷ್ಟು ಬೇಡ ಎಂದೆ.

‘ಇನ್ನೊಂದು ತುತ್ತು ಕೊಡೇ’ ಎಂದಳು ಅಕ್ಕ. ‘ಮಗೀಗೂ ಸಾಲಬೇಕಲ್ಲ.’

ಕೊಟ್ಟೆ.